ಕಾವೇರಿಯಿಂದ ಗೋದಾವರಿಗೆ, ಸದರ್ ಪತ್ರಪ್ಪ ರಸ್ತೆಯ ಮೇಲೆ ಹಾಯ್ದು

ಪ್ರವಾಸವೆಂದರೆ ಜೋಗವನ್ನೋ ಬೇಲೂರನ್ನೋ ನೋಡಿ ಬರುವುದೆಂದು ತಿಳಿದವರಲ್ಲಿ ನಾನೂ ಒಬ್ಬ. ಆದರೆ ಕಳೆದ ಆಷಾಢದಲ್ಲಿ ನಾನು ಕೈಗೊಂಡ ಪ್ರವಾಸ ತುಮಕೂರಿನಿಂದ ೭೦ ಕಿಲೋಮೀಟರ್ ದೂರದ ಬೆಂಗಳೂರಿಗೆ. ನೋಡಿದ್ದು ತಂತಿ, ತಗಡು, ತಿರುಪುಮೊಳೆ. ತಂದದ್ದು ಎರಡು ಗೋಣಿಚೀಲದಷ್ಟು ಸಾಮಾನು. ಇದಕ್ಕೆಲ್ಲ ಕವಿರಾಜಮಾರ್ಗವೇ ಕಾರಣವೆಂದರೆ ವಾಚಕರು ನಗಬಹುದು. ನಡೆದ ಸಂಗತಿ ಹೀಗಿದೆ.

ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿ ಪಾಠ ನಡೆದಿತ್ತು. ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ೯ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಅದು ಹೇಳುತ್ತದೆ. ಆ ನಾಡಿನೊಳಗೂ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳ ನಡುವಣ ಸೀಮೆಯಲ್ಲಿ ಕನ್ನಡದ ತಿರುಳಿದೆಯೆಂದು ಗುರುತಿಸುತ್ತದೆ. ಇಂದಿನ ಹೆಸರಿನಲ್ಲಿ ಹೇಳುವುದಾದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಮತ್ತು ಬೈಲಹೊಂಗಲದ ಕಡೆಯ ಒಕ್ಕುಂದ. ಗೋಡೆಗೆ ಭೂಪಟ ತೂಗುಹಾಕಿ, ಕೈಯಲ್ಲೊಂದು ಕೋಲು ಹಿಡಿದು, ಹತ್ತು ವರ್ಷಗಳಿಂದ ಈ ಪಾಠವನ್ನು ಒಂದೇ ರಾಗದಲ್ಲಿ ಒಪ್ಪಿಸಿಕೊಂಡು ಬಂದಿದ್ದೇನೆ.

"ಸಾರ್, ಕಾವೇರಿಯಿಂದ ಗೋದಾವರಿಗೆ ಅಂದ್ರೆ ಎಷ್ಟು ದೂರ?" ಎಂದು ಮೊದಲ ಬೆಂಚಿನಿಂದ ಪ್ರಶ್ನೆ ಬಂತು.

"ಇಗೋ, ಇಲ್ಲಿಂದ ಇಲ್ಲಿಗೆ" ಎಂದು ಕೋಲನ್ನು ಕೆಳಗಿನಿಂದ ಮೇಲಕ್ಕೆ ಎಳೆದು ತೋರಿಸಿದೆ. ತೋರಿಸಿದ ಮೇಲೆ ನಾಲಗೆ ಕಚ್ಚಿಕೊಂಡೆ. ಕೇಳಿದ ಹುಡುಗ ಹುಟ್ಟಿನಿಂದ ಕಣ್ಣು ಕಾಣದವನು.

ತರಗತಿ ಮುಗಿದ ಮೇಲೆ ಅವನನ್ನು ಕೂರಿಸಿಕೊಂಡು ಮಾತನಾಡಿದೆ. ಹಳಗನ್ನಡದ ಕಂದಪದ್ಯಗಳನ್ನು ಒಮ್ಮೆ ಕೇಳಿದರೆ ಮರೆಯದವನು. ಆದರೆ ಕಾವೇರಿ ದಕ್ಷಿಣಕ್ಕಿದೆಯೆಂದು ಬಾಯಿಪಾಠವಾಗಿ ಬಲ್ಲನೇ ಹೊರತು, ಅದು ಅಡ್ಡಡ್ಡ ಹರಿಯುವುದೋ ಉದ್ದಕ್ಕೆ ಹರಿಯುವುದೋ ಅವನಿಗೆ ಗೊತ್ತಿರಲಿಲ್ಲ. ಹಿಂದೊಮ್ಮೆ ಶಾಲೆಯಲ್ಲಿ ದಾರ ಅಂಟಿಸಿದ ಭಾರತದ ಪಟವೊಂದನ್ನು ಮುಟ್ಟಿದ್ದನಂತೆ. "ಅರ್ಧ ದಾರ ಕಿತ್ತುಹೋಗಿತ್ತು ಸಾರ್. ಆಮೇಲೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು." ಅವನ ವಿಚಾರಗೋಷ್ಠಿಯ ಪ್ರಬಂಧಕ್ಕೆ ಕವಿರಾಜಮಾರ್ಗದ ನಾಡವರ್ಣನೆಯೇ ವಿಷಯವಾಗಿತ್ತು. ಗೋಷ್ಠಿಗೆ ಉಳಿದದ್ದು ಐದು ವಾರ.

ಆ ಭಾನುವಾರ ಮನೆಗೆ ಬಂದ ನನ್ನ ಭಾವಮೈದನ ಮುಂದೆ ಈ ಕಷ್ಟ ತೋಡಿಕೊಂಡೆ. ಅವನು ಡಿಪ್ಲೊಮಾ ಓದಿ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿರುವ ಹುಡುಗ. ತಾನೇ ತಂದಿದ್ದ ಪೇಢೆಯ ಪೆಟ್ಟಿಗೆಯೊಳಗಿನ ಗುಳಿಗುಳಿಯ ತಟ್ಟೆಯನ್ನೆತ್ತಿ ನನ್ನ ಕೈಗೆ ಕೊಟ್ಟು, "ಭಾವ, ಭೂಪಟವನ್ನು ಹೀಗೆ ಮಾಡಬಹುದು. ಒಂದು ಅಚ್ಚು ಇದ್ದರೆ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು" ಎಂದ.

ಅವನು ಹೇಳಿದ ಕ್ರಮ ಸರಳವಾಗಿತ್ತು. ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಬಿಗಿದು ಮೆತ್ತಗಾಗುವವರೆಗೆ ಕಾಯಿಸಬೇಕು. ರಂಧ್ರಗಳಿರುವ ಪೆಟ್ಟಿಗೆಯ ಮೇಲೆ ಅಚ್ಚನ್ನಿಟ್ಟು, ಬಿಸಿ ಹಾಳೆಯನ್ನು ಅದರ ಮೇಲೆ ಹೊದಿಸಿ, ಪೆಟ್ಟಿಗೆಯೊಳಗಿನ ಗಾಳಿಯನ್ನು ಹೊರಕ್ಕೆಳೆಯಬೇಕು. ಹಾಳೆ ಅಚ್ಚಿನ ಮೈಗೆ ಅಂಟಿಕೊಂಡು ಕ್ಷಣಾರ್ಧದಲ್ಲಿ ತಣಿದು ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ನಮ್ಮ ಮನೆಯ ಫ್ರಿಜ್ಜಿನ ಒಳಮೈ ಹುಟ್ಟಿದ್ದೂ ಹೀಗೆಯೇ ಅಂತೆ. ಎರಡನೆಯ ಮಹಾಯುದ್ಧವಾದ ಮೇಲೆ ಅಮೆರಿಕದ ಸೇನೆಯ ಭೂಪಟ ವಿಭಾಗವು ಬೆಟ್ಟಕಣಿವೆಗಳ ಉಬ್ಬುಭೂಪಟಗಳನ್ನು ಈ ವಿಧಾನದಿಂದ ತಯಾರಿಸಿತು. ಬ್ರೈಲ್ ಪುಟಗಳ ಪ್ರತಿ ತೆಗೆಯುವ ಥರ್ಮೋಫಾರ್ಮ್ ಯಂತ್ರಗಳೂ ದಶಕಗಳಿಂದ ಇವೆ. ಅವುಗಳ ಬೆಲೆ ವಿಚಾರಿಸಿ ಸುಮ್ಮನಾದೆ.

ಇಲ್ಲಿ ಕನ್ನಡ ಮೇಷ್ಟರಾಗಿ ಒಂದು ಮಾತು. 'ನಿರ್ವಾತ' ಎಂಬ ಪದ ಸೊಗಸಾದುದೇ. ಆದರೆ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ. ಹಾಳೆಯನ್ನು ಎಳೆಯುವುದು ನಿರ್ವಾತವಲ್ಲ. ಹೊರಗಿನ ಗಾಳಿ ಅದನ್ನು ಒತ್ತುತ್ತದೆ. ಒಳಗೆ ಎದುರಾಡುವ ಗಾಳಿಯಿಲ್ಲದಂತೆ ಮಾಡುವುದಷ್ಟೇ ನಮ್ಮ ಕೆಲಸ. ಮಾಗ್ಡೆಬರ್ಗಿನ ಆಟೊ ಫಾನ್ ಗೆರಿಕೆ ೧೭ನೆಯ ಶತಮಾನದಲ್ಲಿ ಎರಡು ತಾಮ್ರದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡು ಕಡೆ ಕುದುರೆ ಕಟ್ಟಿ ಎಳೆಸಿದರೂ ಅವು ಬೇರ್ಪಡದಿದ್ದುದಕ್ಕೆ ಇದೇ ಕಾರಣ. ನಮ್ಮ ಸೀಮೆ ಎತ್ತರದ್ದಾದ್ದರಿಂದ ಗಾಳಿಯ ಒತ್ತಡ ಕರಾವಳಿಗಿಂತ ತುಸು ಕಡಿಮೆ. ಹಾಗಿದ್ದರೂ ೩೦ ಸೆಂಟಿಮೀಟರ್ ಅಗಲ, ೪೦ ಸೆಂಟಿಮೀಟರ್ ಉದ್ದದ ಹಾಳೆಯ ಮೇಲೆ ಸುಮಾರು ೧,೧೦೦ ಕಿಲೋ ಭಾರ ಸದಾ ಕುಳಿತಿರುತ್ತದೆ. ಬಿಟ್ಟಿ ಕೂಲಿಯಾಳು! ಅವನಿಗೊಂದು ದಾರಿ ತೆರೆದರಾಯಿತು.

ಶನಿವಾರದ ಪಾಠಗಳಿಗೆ ರಜೆ ಬರೆದು ಬೆಳಗಿನ ರೈಲು ಹಿಡಿದೆ. ಭಾವಮೈದ ಮೆಜೆಸ್ಟಿಕ್ಕಿನಲ್ಲಿ ಸೇರಿಕೊಂಡ. ಅಲ್ಲಿಂದ ಮೆಟ್ರೊ ಒಂದೇ ನಿಲ್ದಾಣ. ನೆಲದಡಿಯಿಂದ ಮೆಟ್ಟಿಲೇರಿ ಬಂದರೆ ಚಿಕ್ಕಪೇಟೆ. ಈ ಪೇಟೆಗಳ ಹೆಸರು ಕೇಳುವುದೇ ನನಗೊಂದು ಸುಖ: ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ. ೧೫೩೭ರಲ್ಲಿ ಕೆಂಪೇಗೌಡರು ಊರು ಕಟ್ಟುವಾಗ ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿದ ಎತ್ತುಗಳನ್ನು ಬಿಟ್ಟರೆಂಬುದು ಐತಿಹ್ಯ. ಎತ್ತುಗಳು ಎಳೆದ ಆ ಗೆರೆಗಳಲ್ಲಿ ಈಗ ಕೈಗಾಡಿ, ಆಟೊ, ಸ್ಕೂಟರುಗಳು ಒಂದನ್ನೊಂದು ತಿವಿಯುತ್ತ ಸಾಗುತ್ತವೆ. ದೊಡ್ಡಪೇಟೆ ಈಗ ಅವೆನ್ಯೂ ರಸ್ತೆ. ಅಲ್ಲಿನ ಹಳೆಯ ಪುಸ್ತಕದಂಗಡಿಗಳ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಭಾವಮೈದ ನನ್ನ ತೋಳು ಹಿಡಿದು, "ಭಾವ, ಇವತ್ತು ಪುಸ್ತಕ ಬೇಡ, ದುಡ್ಡು ಸಾಲೋದಿಲ್ಲ" ಎಂದು ಮುಂದಕ್ಕೆಳೆದ. ತಂಗಿಗೆ ತಕ್ಕ ತಮ್ಮ ಎನ್ನುವಂತಿಲ್ಲ, ಅಕ್ಕನಿಗೆ ತಕ್ಕ ತಮ್ಮ.

ಸದರ್ ಪತ್ರಪ್ಪ ರಸ್ತೆಯನ್ನು ಊರಿಗೆ ಊರೇ ಎಸ್.ಪಿ. ರೋಡ್ ಎನ್ನುತ್ತದೆ. ಮಂಚದಷ್ಟು ಅಗಲದ ಅಂಗಡಿಗಳು. ಒಳಗೆ ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ಮಾಡಿನಿಂದ ತಂತಿಯ ಸುರುಳಿಗಳು ಬಾಳೆಗೊನೆಗಳಂತೆ ಇಳಿಬಿದ್ದಿವೆ. ಬಣ್ಣಬಣ್ಣದ ಪಟ್ಟಿ ಬಳಿದುಕೊಂಡ ರೆಸಿಸ್ಟರುಗಳನ್ನು ಅಂಗಡಿಯಾತ ಸಾಸಿವೆಯಂತೆ ಮೊಗೆದು ಕೊಡುತ್ತಾನೆ. ಯಾವುದೋ ಕಾರ್ಖಾನೆಯಿಂದ ನಿವೃತ್ತಿ ಹೊಂದಿದ ಮೀಟರುಗಳು ಗಾಜಿನ ಕಣ್ಣು ಬಿಟ್ಟುಕೊಂಡು ಸಾಲಾಗಿ ಕುಳಿತಿವೆ. ಇಂಜಿನಿಯರಿಂಗ್ ಓದುವ ಹುಡುಗರು ಹುಡುಗಿಯರು ಮೊಬೈಲಿನಲ್ಲಿ ಚಿತ್ರ ತೋರಿಸಿ "ಇದು ಇದೆಯಾ ಅಣ್ಣ?" ಎಂದು ಕೇಳುತ್ತಾರೆ. ಇಲ್ಲವೆಂಬ ಮಾತೇ ಆ ಬೀದಿಯಲ್ಲಿಲ್ಲ. ತನ್ನಲ್ಲಿ ಇರದಿದ್ದರೆ ಅಂಗಡಿಯ ಹುಡುಗ ಓಡಿಹೋಗಿ ಮೂರನೆಯ ಅಂಗಡಿಯಿಂದ ತರುತ್ತಾನೆ.

ನಾವು ನಿಂತ ಅಂಗಡಿಯಲ್ಲಿ ಬಿಳಿಗಡ್ಡದ ಸಾಹೇಬರೊಬ್ಬರಿದ್ದರು. ನನ್ನನ್ನು ನೋಡಿದೊಡನೆ, "ಏನು ಬೇಕು ಮೇಷ್ಟ್ರೇ?" ಎಂದರು.

"ನಾನು ಮೇಷ್ಟರೆಂದು ಹೇಗೆ ತಿಳಿಯಿತು?"

"ಚೀಟಿ ಹಿಡ್ಕೊಂಡು ಬರೋರು ಮೇಷ್ಟ್ರುಗಳೇ. ಮಿಕ್ಕೋರೆಲ್ಲ ಫೋನು ಹಿಡ್ಕೊಂಡು ಬರ್ತಾರೆ."

ಚೀಟಿಯ ಮೊದಲ ಸಾಲಿನಲ್ಲಿ ನಿರ್ವಾತ ಪಂಪು ಎಂದಿತ್ತು. ಅವರು ಪಂಪು ತೋರಿಸಲಿಲ್ಲ. ಅದರಿಂದ ಏನು ಮಾಡುವಿರೆಂದು ಕೇಳಿದರು. ವಿವರ ಹೇಳಿದೆ. ಕೈಯಲ್ಲಿದ್ದ ಬೆಸುಗೆಕಡ್ಡಿಯನ್ನು ಕೆಳಗಿಟ್ಟು, "ಬೇಡ ಸಾರ್, ಅದು ನಿಮಗೆ ಆಗಲ್ಲ" ಎಂದರು. ಪಂಪು ಬಲವಾಗಿ ಎಳೆಯುತ್ತದೆ, ಆದರೆ ನಿಧಾನ. ಪೆಟ್ಟಿಗೆ ಖಾಲಿಯಾಗುವುದರೊಳಗೆ ತೆಳ್ಳನೆಯ ಹಾಳೆ ತಣಿದುಬಿಡುತ್ತದೆ. ಪಂಪೇ ಬೇಕಾದರೆ ಜೊತೆಗೊಂದು ದೊಡ್ಡ ತೊಟ್ಟಿಯಿಟ್ಟು ಅದನ್ನು ಮೊದಲೇ ಖಾಲಿ ಮಾಡಿಟ್ಟುಕೊಳ್ಳಬೇಕು. ಅದು ಖರ್ಚಿನ ಬಾಬು. "ಮನೆ ಗುಡಿಸೋ ವ್ಯಾಕ್ಯೂಂ ಕ್ಲೀನರ್ ತಗೊಳ್ಳಿ. ಅದರ ಎಳೆತ ಕಮ್ಮಿ. ಆದರೆ ಗಾಳೀನ ಗಬಕ್ಕನೆ ನುಂಗ್ತದೆ. ನಾಳೆ ಭಾನುವಾರ ಚಿಕ್ಕಪೇಟೆ ಸಂತೇಲಿ ಹಳೇದು ಸಿಗ್ತದೆ. ನನ್ನ ಹತ್ರ ಬೇಡ."

ಬಂದ ವ್ಯಾಪಾರವನ್ನು ಹೀಗೆ ಬಾಗಿಲಿಂದಾಚೆಗೆ ಕಳಿಸುವ ವರ್ತಕರು ಈಗಲೂ ಇದ್ದಾರೆ. ಭಾವಮೈದ ಅಲ್ಲೇ ಲೆಕ್ಕ ಹಾಕಿದ: ಸಾಧಾರಣ ವ್ಯಾಕ್ಯೂಂ ಕ್ಲೀನರ್ ಗಾಳಿಯ ಒತ್ತಡದ ಐದನೆಯ ಒಂದು ಪಾಲನ್ನು ನಮಗೆ ಗಳಿಸಿಕೊಟ್ಟರೂ ಹಾಳೆಯ ಮೇಲೆ ಇನ್ನೂರು ಕಿಲೋ ದಾಟುತ್ತದೆ. ಭೂಪಟಕ್ಕೆ ಅಷ್ಟು ಸಾಕು.

ಸಾಹೇಬರಿಂದ ೧,೦೦೦ ವ್ಯಾಟಿನ ಎರಡು ಕಾಯಿಲ್ ಒಲೆಗಳ ತಟ್ಟೆಗಳನ್ನು ಕೊಂಡೆವು. ವಿದ್ಯಾರ್ಥಿಗಳು ಬಾಡಿಗೆ ಕೋಣೆಯಲ್ಲಿ ಕದ್ದುಮುಚ್ಚಿ ಅನ್ನ ಬೇಯಿಸಿಕೊಳ್ಳುವ ಅದೇ ಒಲೆ. ಬೆಂಕಿಜೇಡಿಯ ತಟ್ಟೆಯ ಗೀರುಗಳಲ್ಲಿ ನೈಕ್ರೋಮ್ ತಂತಿಯ ಸುರುಳಿ ಹಾವಿನಂತೆ ಸುತ್ತಿ ಮಲಗಿರುತ್ತದೆ. ಒಲೆಯ ಸುತ್ತ ತಾಪ ತಡೆಯಲು ಪಕ್ಕದ ಅಂಗಡಿಯಾತ ಕಲ್ನಾರಿನ ಹಾಳೆಯನ್ನು ಅಗ್ಗವಾಗಿ ಕೊಡಲು ಬಂದ. ಭಾವಮೈದ ಅದನ್ನು ಕೈಯಿಂದಲೂ ಮುಟ್ಟಲಿಲ್ಲ. ಅದರ ನಾರು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶಕ್ಕೆ ಮಾರಿ. ಹೊಳೆಯುವ ಅಲ್ಯೂಮಿನಿಯಂ ತಗಡೇ ಸಾಕೆಂದು, ಅದರ ಜೊತೆಗೆ ಚೌಕಟ್ಟಿಗೆ ಆಂಗಲ್ ಪಟ್ಟಿ, ರಬ್ಬರಿನ ಅಂಚುಪಟ್ಟಿ, ಹದಿನಾರು ಆಂಪಿಯರಿನ ಪ್ಲಗ್ಗು ಕೊಂಡ.

ಪ್ಲಾಸ್ಟಿಕ್ ಹಾಳೆಯ ಅಂಗಡಿಯಲ್ಲಿ ಕಂಡದ್ದು ಒಂದು ಪ್ರಯೋಗಶಾಲೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ ಬಿಳಿ. ಅಂಗಡಿಯ ಹುಡುಗ ಎರಡು ತುಣುಕು ಕತ್ತರಿಸಿ ಬೆಂಕಿ ತಗುಲಿಸಿದ. ಒಂದು ಉರಿಯಲೊಲ್ಲದೆ ಕಮಟು ಹೊಗೆ ಬಿಟ್ಟಿತು. ಇನ್ನೊಂದು ಧಗ್ಗನೆ ಹತ್ತಿಕೊಂಡು ಕಾಡಿಗೆಯಂಥ ಮಸಿಯ ಎಳೆಗಳನ್ನು ಗಾಳಿಗೆ ತೇಲಿಬಿಟ್ಟಿತು. ಮೊದಲನೆಯದು ಪಿವಿಸಿ, ಅತಿಯಾಗಿ ಕಾದರೆ ಆಮ್ಲದ ಹೊಗೆ ಕಾರುವ ಜಾತಿ, ಮನೆಯಲ್ಲಿ ಕಾಯಿಸಬಾರದು. ಎರಡನೆಯದು ಹಿಪ್ಸ್ ಎಂದು ಕರೆಯುವ ಪಾಲಿಸ್ಟೈರೀನ್. ಹೊಸಬರ ಕೈಗೆ ಬೇಗ ಒಗ್ಗುವಂಥದು. ಒಂದು ಮಿಲಿಮೀಟರ್ ದಪ್ಪದವು ಹತ್ತು, ಅರ್ಧ ಮಿಲಿಮೀಟರಿನವು ಹತ್ತು ತೆಗೆದುಕೊಂಡೆವು. ಗಟ್ಟಿಯಾಗಿರಲಿ ಎಂದು ಎಲ್ಲವೂ ದಪ್ಪದ್ದೇ ಇರಲೆಂಬುದು ನನ್ನ ಹಟ; ಅರ್ಧದಷ್ಟಾದರೂ ತೆಳ್ಳನೆಯದಿರಲೆಂದು ಭಾವಮೈದ ಜಗಳವಾಡಿ ಕೊಂಡ. ಅವನ ಜಗಳಕ್ಕೆ ಈಗ ಕೃತಜ್ಞನಾಗಿದ್ದೇನೆ.

ರಾತ್ರಿ ಅವನ ಕೋಣೆಯಲ್ಲಿ ಉಳಿದೆ. ಮಲಗುವ ಮುನ್ನ ಪೀಣ್ಯದ ಶೆಡ್ಡೊಂದರಲ್ಲಿ ಇದೇ ಕೆಲಸ ಮಾಡುವ ದೊಡ್ಡ ಯಂತ್ರವನ್ನು ತೋರಿಸಿದ. ಸುರುಳಿಯಿಂದ ಹಾಳೆ ತಾನೇ ಬಿಚ್ಚಿಕೊಂಡು ಒಲೆಯಡಿ ಹಾದು, ಉಸ್ಸೆಂದು ಒಮ್ಮೆ ಉಸಿರೆಳೆದರೆ ಸಿಹಿತಿಂಡಿಯ ತಟ್ಟೆಗಳ ಒಂದು ಹಾಸು. ನೋಡಿ ಎದೆಗುಂದಿತೆಂದೇ ಹೇಳಬೇಕು.

ಭಾನುವಾರದ ಸಂತೆ ಬೇರೆಯೇ ಲೋಕ. ವಾರದ ಅಂಗಡಿಗಳೆಲ್ಲ ಬಾಗಿಲೆಳೆದಿರುವ ಬೀದಿಗಳಲ್ಲಿ ನೆಲದ ಮೇಲೆ ಗೋಣಿತಾಟು ಹಾಸಿ ಗುಜರಿ ಸಾಮಾನು ಹರಡಿರುತ್ತಾರೆ. ಒಂಟಿ ಬೂಟು, ಮುಳ್ಳಿಲ್ಲದ ಗಡಿಯಾರ, ಹಿತ್ತಾಳೆಯ ಬೀಗ, ಯಾರದೋ ಮದುವೆಯ ಫೋಟೊ. ಅವುಗಳ ನಡುವೆ ಆನೆಮರಿಯಂತೆ ಸೊಂಡಿಲು ಮಡಚಿಕೊಂಡು ಕುಳಿತಿತ್ತು ನಮ್ಮ ವ್ಯಾಕ್ಯೂಂ ಕ್ಲೀನರ್. ಬೀದಿಯಲ್ಲಿ ವಿದ್ಯುತ್ತಿಲ್ಲ, ಪರೀಕ್ಷಿಸುವುದು ಹೇಗೆ? ಮಾರುವಾತ ಅದನ್ನು ಬಗಲಲ್ಲೆತ್ತಿಕೊಂಡು ಎದುರಿನ ಟೀ ಅಂಗಡಿಗೆ ನಡೆದ, ಚಹ ಕಾಯಿಸುವವನ ಪ್ಲಗ್ಗಿಗೇ ಚುಚ್ಚಿದ. ಯಂತ್ರ ಬೊಬ್ಬೆಯಿಟ್ಟಿತು. ಭಾವಮೈದ ಸೊಂಡಿಲಿನ ಬಾಯಿಗೆ ಅಂಗೈ ಮುಚ್ಚಿದಾಗ ಮಂದ್ರದಲ್ಲಿದ್ದ ಸದ್ದು ಸರ್ರನೆ ತಾರಕಕ್ಕೇರಿತು. "ಎಳೆತ ಚೆನ್ನಾಗಿದೆ ಭಾವ" ಎಂದ. ಸಾವಿರದ ಇನ್ನೂರು ಕೇಳಿದವನು ಎಂಟುನೂರಕ್ಕೆ ಇಳಿದ. ಟೀ ಅಂಗಡಿಯಾತನಿಗೆ ನಾಲ್ಕು ಚಹದ ವ್ಯಾಪಾರವಾಯಿತು.

"ಇದೇನ್ರೀ, ಮನೇಲಿ ಗ್ಯಾಸು ಇರುವಾಗ ಎರಡು ಕರೆಂಟ್ ಒಲೆ ತಂದಿದ್ದೀರಿ? ಗುಡಿಸೋದಕ್ಕೆ ಬೇರೆ ಯಂತ್ರ!" ಎಂಬುದು ತುಮಕೂರಿನಲ್ಲಿ ನನಗಾದ ಸ್ವಾಗತ. ಹಿತ್ತಲ ಕೋಣೆಯನ್ನು ಕೇಳಿ ಪಡೆದೆ.

ಅಚ್ಚಿಗೆ ಎರಡು ವಾರ ಹಿಡಿಯಿತು. ಥರ್ಮೋಕೋಲಿನಲ್ಲಿ ಮಾಡಿದರೆ ಬಿಸಿ ಹಾಳೆಗೆ ಕರಗಿಹೋಗುತ್ತದೆ, ಮರವೇ ಬೇಕು. ಪ್ಲೈವುಡ್ ಹಲಗೆಯ ಮೇಲೆ ಒಂದು ಸೆಂಟಿಮೀಟರಿಗೆ ೩೦ ಕಿಲೋಮೀಟರಿನ ಪ್ರಮಾಣದಲ್ಲಿ ನಾಡನ್ನು ಬರೆದೆ. ಪಶ್ಚಿಮದ ಕಡಲನ್ನು ಒಂದು ಮೆಟ್ಟಿಲಿನಷ್ಟು ತಗ್ಗಿಸಿದೆ. ಸಹ್ಯಾದ್ರಿಗೆ ಎಂ-ಸೀಲ್ ಮೆತ್ತಿದೆ. ನದಿಗಳನ್ನು ಕಣಿವೆಯಂತೆ ಕೊರೆಯಲು ಹೊರಟಿದ್ದೆ. ನದಿ ತಗ್ಗಿನಲ್ಲಲ್ಲವೇ ಹರಿಯುವುದು? ವಿದ್ಯಾರ್ಥಿಯನ್ನು ಕರೆಸಿ ಹಲಗೆಯ ಮೂಲೆಯಲ್ಲಿ ಒಂದು ಗೀರು, ಒಂದು ಹುರಿ ಎರಡನ್ನೂ ಮುಟ್ಟಿಸಿದೆ. "ಗೀರಿನಲ್ಲಿ ಬೆರಳು ಇಳಿಯೋದಿಲ್ಲ ಸಾರ್, ದಾರಿ ತಪ್ಪುತ್ತೆ. ಹುರಿಯಾದರೆ ಹಿಡ್ಕೊಂಡು ಹೋಗಬಹುದು" ಎಂದ. ಹಾಗಾಗಿ ನಮ್ಮ ಭೂಪಟದಲ್ಲಿ ಕಾವೇರಿ, ತುಂಗಭದ್ರೆ, ಮಲಪ್ರಭೆ, ಕೃಷ್ಣೆ, ಗೋದಾವರಿಗಳೆಲ್ಲ ನೆಲದಿಂದ ಮೇಲೆದ್ದು ಹರಿಯುತ್ತವೆ. ಊರುಗಳಿಗೆ ಗುಂಡುಸೂಜಿಯ ತಲೆ. ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಬ್ರೈಲಿನಲ್ಲಿ. ಚುಕ್ಕಿಗೂ ಚುಕ್ಕಿಗೂ ಎರಡೂವರೆ ಮಿಲಿಮೀಟರ್ ಅಂತರ. ಆ ಚುಕ್ಕಿಗಳನ್ನು ಅವನೇ ಮುಟ್ಟಿ ತಿದ್ದಿಸಿದ. ಕೊನೆಯಲ್ಲಿ ನದಿಗಳ ಎರಡೂ ಬದಿಗೆ, ಅಕ್ಷರಗಳ ಸುತ್ತ, ಒಂದು ಮಿಲಿಮೀಟರಿನ ರಂಧ್ರಗಳನ್ನು ಕೊರೆದೆವು. ಗಾಳಿ ಹೊರಹೋಗಲು ಕಿಂಡಿಯಿಲ್ಲದ ಕಡೆ ಹಾಳೆ ಇಳಿಯದೆ ಗುಳ್ಳೆಯಂತೆ ನಿಲ್ಲುತ್ತದೆ.

ಒಲೆಯ ತಟ್ಟೆಗಳು ಕೆಳಗೆ, ಮೇಲಕ್ಕೆ ಮುಖ ಮಾಡಿ. ಅವುಗಳ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ಹಾಳೆ ಬಿಗಿದ ಚೌಕಟ್ಟು. ನಡುವೆ ತಂತಿಯ ಜಾಲರಿ, ಜೋತ ಹಾಳೆ ಕೆಂಡಕ್ಕೆ ತಾಗದಂತೆ. ಪಕ್ಕದಲ್ಲಿ ರಂಧ್ರದ ಪೆಟ್ಟಿಗೆ, ಅದರ ಹೊಟ್ಟೆಗೆ ವ್ಯಾಕ್ಯೂಂ ಕ್ಲೀನರಿನ ಸೊಂಡಿಲು. ಇಷ್ಟೇ ಯಂತ್ರ.

ಮೊದಲ ಸಂಜೆ ಒಲೆಗಳನ್ನೂ ವ್ಯಾಕ್ಯೂಂ ಕ್ಲೀನರನ್ನೂ ಒಂದೇ ಪ್ಲಗ್ಗಿಗೆ ಕೊಟ್ಟಿದ್ದರಿಂದ ವಠಾರದ ನಾಲ್ಕೂ ಮನೆಗಳ ದೀಪ ಹೋದವು. ಧಾರಾವಾಹಿಯ ಹೊತ್ತು, ನನ್ನ ಬಗ್ಗೆ ಏನೇನು ಮಾತು ಬಂದವೋ ಕೇಳಿಸಿಕೊಳ್ಳಲಿಲ್ಲ. ಮರುದಿನ ಬೇರೆ ಬೇರೆ ಸರ್ಕ್ಯೂಟಿಗೆ ಕೊಟ್ಟು, ಕಿಟಕಿಗಳನ್ನು ತೆರೆದು, ಚರ್ಮದ ಕೈಗವಸು ಹಾಕಿ ಮತ್ತೆ ಕುಳಿತೆವು. ಹಾಳೆ ಕಾಯುವುದನ್ನು ನೋಡುವುದೇ ಒಂದು ಚೆಂದ. ಮೊದಲು ಅಲೆಅಲೆಯಾಗಿ ಸುಕ್ಕುತ್ತದೆ, ಹಪ್ಪಳದ ಹಾಗೆ. ಆಮೇಲೆ ಮದ್ದಳೆಯ ಚರ್ಮದಂತೆ ಬಿಗಿಯುತ್ತದೆ. ಕಡೆಗೆ ಹೊಳಪೇರಿ ಜೋಲಿಯಂತೆ ನಡುವೆ ಎರಡು ಬೆರಳಿನಷ್ಟು ಇಳಿಯುತ್ತದೆ. ಅದೇ ಮುಹೂರ್ತ. ಒಂದೆರಡು ಕ್ಷಣ ತಡವಾದರೂ ಕೆಟ್ಟಿತು.

ದಪ್ಪ ಹಾಳೆಯಲ್ಲಿ ತೆಗೆದ ಮೊದಲ ಪ್ರತಿ ನನ್ನ ಕಣ್ಣಿಗೆ ಬಲು ಸೊಗಸಾಗಿ ಕಂಡಿತು. ಕರೆದು ಮುಟ್ಟಿಸಿದೆ. ಸ್ವಲ್ಪ ಹೊತ್ತು ತಡಕಿ, "ಬೆಟ್ಟ ಇದೆ ಸಾರ್. ಅಕ್ಷರ ಇಲ್ಲ" ಎಂದ. ದಪ್ಪ ಹಾಳೆ ಬ್ರೈಲಿನ ಚುಕ್ಕಿಗಳ ಮೇಲೆ ಕಂಬಳಿ ಹೊದಿಸಿದಂತೆ ಕುಳಿತಿತ್ತು! ತೆಳ್ಳನೆಯದಕ್ಕೆ ಬಂದೆವು. ಎರಡನೆಯದು ಅತಿಯಾಗಿ ಕಾದು ಸಹ್ಯಾದ್ರಿಯ ಮಗ್ಗುಲಲ್ಲಿ ಇಲ್ಲದ ಬೆಟ್ಟಸಾಲೊಂದನ್ನು ನೆರಿಗೆಯಾಗಿ ಎಬ್ಬಿಸಿತು. ಮೂರನೆಯದರಲ್ಲಿ ಗೋದಾವರಿ ಅರ್ಧಕ್ಕೇ ಬತ್ತಿತು. ನಾಲ್ಕನೆಯದರಲ್ಲಿಯೂ ಅಷ್ಟೇ. ಕಾಯಿಸುವುದರಲ್ಲಿ ತಪ್ಪಿದೆಯೆಂದು ಭಾವಮೈದ, ಅಚ್ಚಿನಲ್ಲಿ ತಪ್ಪಿದೆಯೆಂದು ನಾನು. ಗೋಷ್ಠಿಗೆ ಉಳಿದದ್ದು ನಾಲ್ಕೇ ದಿನ.

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಹುಡುಗ ಹೇಳಿದ: "ಸಾರ್, ಮಿಷನ್ನು ಪೂರ್ತಿ ಕೂಗ್ತಾ ಇಲ್ಲ."

"ಅಂದರೆ?"

"ಮೊದಲನೇ ಹಾಳೆಗೆ ಮೇಲಕ್ಕೆ ಹೋಗಿ ನಿಂತಿತ್ತು ಸಾರ್. ಈಗ ಅರ್ಧ ಏರಿ ಇಳಿದುಬಿಡುತ್ತೆ. ಎಲ್ಲೋ ಗಾಳಿ ನುಗ್ಗುತ್ತಿದೆ. ನನ್ನ ಎಡಗಡೆ, ಕೆಳಗೆ."

ಭಾವಮೈದ ನನ್ನ ಮುಖ ನೋಡಿದ. ಪೆಟ್ಟಿಗೆಯ ಆ ಮೂಲೆಯಲ್ಲಿ ಬಿಸಿಗೆ ರಬ್ಬರು ಪಟ್ಟಿ ಕೂದಲೆಳೆಯಷ್ಟು ಕುಗ್ಗಿ ಬಿಟ್ಟುಕೊಂಡಿತ್ತು. ಎರಡು ಜೊತೆ ಕಣ್ಣುಗಳು ಒಂದು ಗಂಟೆಯಿಂದ ಆ ಮೂಲೆಯನ್ನು ನೋಡುತ್ತಲೇ ಇದ್ದವು. ಹೊಸ ಪಟ್ಟಿ ಅಂಟಿಸಿದೆವು. ಅಲ್ಲಿಂದ ಮುಂದೆ ಯಂತ್ರದ ಗುಂಡಿ ಅವನ ಕೈಗೆ ಹೋಯಿತು. ಹಾಳೆ ಜೋತಾಗ ನಾನು "ಈಗ" ಎನ್ನುವುದು, ಭಾವಮೈದ ಚೌಕಟ್ಟನ್ನು ಅಚ್ಚಿನ ಮೇಲೆ ಒತ್ತುವುದು, ಹುಡುಗ ಗುಂಡಿ ಅದುಮಿ ಕಿವಿಗೊಟ್ಟು ಕೂರುವುದು. ಸದ್ದು ತಾರಕಕ್ಕೇರಿ ನಿಂತಿತು. ಅವನು ಹತ್ತು ಎಣಿಸಿ ನಿಲ್ಲಿಸಿದ. ಗಾಳಿ ಕಟ್ಟಿಹೋದ ಯಂತ್ರವನ್ನು ಹೆಚ್ಚು ಹೊತ್ತು ಓಡಿಸಿದರೆ ಅದರ ಮೋಟಾರು ಸುಡುತ್ತದೆ.

ಐದನೆಯ ಹಾಳೆ ಅಚ್ಚಿನಿಂದ ಟಪ್ಪೆಂದು ಬಿಟ್ಟುಕೊಂಡಿತು. ಇನ್ನೂ ಬೆಚ್ಚಗಿತ್ತು. ಮೇಜಿನ ಮೇಲಿಟ್ಟು ಅವನ ಕೈಹಿಡಿದು ತೋರಿಸಲು ಹೋದೆ. "ಬೇಡ ಸಾರ್, ನಾನೇ ನೋಡ್ತೀನಿ" ಎಂದ.

ಎರಡೂ ಅಂಗೈಗಳನ್ನು ಮೊದಲು ಹಾಳೆಯ ಮೇಲೆಲ್ಲ ಆಡ��ಸಿದ. ಕಡಲ ಮೆಟ್ಟಿಲನ್ನು ಕಂಡುಕೊಂಡು ಅದರ ಗುಂಟ ಮೇಲಕ್ಕೂ ಕೆಳಕ್ಕೂ ಹೋದ. ಕಾವೇರಿಯನ್ನು ಹಿಡಿದ. "ಅಡ್ಡಕ್ಕೇ ಹರೀತಾಳೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹೆಬ್ಬೆರಳನ್ನು ಕಾವೇರಿಯ ಮೇಲೆ ಊರಿ, ಕಿರುಬೆರಳನ್ನು ಗೋದಾವರಿಯತ್ತ ಚಾಚಿದ, ಸಿಗಲಿಲ್ಲ. "ಒಂದು ಗೇಣು, ಮೇಲೆ ಮೂರು ಬೆರಳು." ಪ್ರಮಾಣ ಕೇಳಿ ಮನಸ್ಸಿನಲ್ಲೇ ಗುಣಿಸಿ, "ಏಳೂವರೆ ನೂರು ಕಿಲೋಮೀಟರ್ ಆಯಿತಲ್ಲ ಸಾರ್!" ಎಂದ. ನಾಲ್ಕು ವಾರದ ಹಿಂದೆ ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ತಾನೇ ಉತ್ತರ ಹೇಳಿಕೊಂಡಿದ್ದ.

ಆಮೇಲೆ ನಾಲ್ಕು ಊರುಗಳನ್ನು ಹುಡುಕಿದ. ಅವು ನಮ್ಮ ಪಟದಲ್ಲಿ ಕೆಲವೇ ಸೆಂಟಿಮೀಟರಿನೊಳಗೆ ಬರುತ್ತವೆ. ಎರಡು ಕೈಗಳ ನಾಲ್ಕು ಬೆರಳ ತುದಿಗಳನ್ನು ಒಂದೊಂದರ ಮೇಲಿಟ್ಟು ಬಹಳ ಹೊತ್ತು ಸುಮ್ಮನಿದ್ದ. ಮತ್ತೆ ಒಂದು ಬೆರಳನ್ನೆತ್ತಿ ಒಕ್ಕುಂದದಿಂದ ಹುರಿಯ ಗುಂಟ ಮೆಲ್ಲಗೆ ಬಲಕ್ಕೆ ಸರಿಸುತ್ತ ಹೋಗಿ ನಿಂತ.

"ಸಾರ್, ಒಕ್ಕುಂದದಿಂದ ಹೊಳೆ ಹಿಡ್ಕೊಂಡು ಹೋದರೆ ಪಟ್ಟದಕಲ್ಲೇ ಸಿಗುತ್ತೆ! ಎರಡೂ ಒಂದೇ ಹೊಳೆಯ ದಂಡೆ. ನೀವು ಪಾಠದಲ್ಲಿ ಹೇಳಲಿಲ್ಲ."

ಹೇಳಿರಲಿಲ್ಲ, ನಿಜ. ಎರಡೂ ಮಲಪ್ರಭೆಯ ಮೇಲಿವೆ. ಹುರಿ ಅಂಟಿಸಿದವನೂ, ಸೂಜಿ ಊರಿದವನೂ ನಾನೇ. ಹತ್ತು ವರ್ಷ ಕೋಲು ಹಿಡಿದು ಆ ಊರುಗಳನ್ನು ತೋರಿಸಿದವನೂ ನಾನೇ. ನಾಲ್ಕು ಚುಕ್ಕಿಗಳೆಂದು ನೋಡಿದ್ದೆನೇ ಹೊರತು ನಡುವೆ ನೀರು ಹರಿಯುವುದನ್ನು ಕಂಡಿರಲಿಲ್ಲ. ಅವನ ಪ್ರಬಂಧದ ಒಂದು ಭಾಗ ಆ ಹೊಳೆಯ ದಾರಿಯನ್ನು ಹಿಡಿದೇ ಬೆಳೆಯಿತು. ಗೋಷ್ಠಿಯಲ್ಲಿ ಭೂಪಟವನ್ನು ಮಡಿಲಲ್ಲಿಟ್ಟುಕೊಂಡು, ಕಾಗದವಿಲ್ಲದೆ, ಇಪ್ಪತ್ತು ನಿಮಿಷ ಮಾತನಾಡಿದ. ಒಬ್ಬ ಅಧ್ಯಾಪಕರು ಎದ್ದು ದಿಕ್ಕಿನ ವಿಷಯವಾಗಿ ಪ್ರಶ್ನೆ ಹಾಕಿದಾಗ, ಹಾಳೆಯನ್ನೆತ್ತಿ ಅವರ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದ.

ಮರುವಾರ ಅವನು ತನ್ನ ವಿದ್ಯಾರ್ಥಿನಿಲಯದ ಮೂವರು ಗೆಳೆಯರನ್ನು ಹಿತ್ತಲ ಕೋಣೆಗೆ ಕರೆತಂದ. ಯಂತ್ರವನ್ನೆಲ್ಲ ತಡವಿ ನೋಡಿದರು. ನನ್ನ ಪತ್ನಿ ಕೊಟ್ಟ ಕಾಫಿ ಕುಡಿದರು. ಕನ್ನಡನಾಡಿನ ಪಟವನ್ನು ಮುಟ್ಟಿ ಚೆನ್ನಾಗಿದೆಯೆಂದರು. ಆದರೆ ಅವರಿಗೆ ಬೇಕಾಗಿದ್ದುದು ಬೇರೆ. ಬೆಂಗಳೂರಿಗೆ ಹೋದಾಗಲೆಲ್ಲ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ದಾರಿ ತಪ್ಪುತ್ತದಂತೆ. ಯಾವ ಅಂಕಣ ಎಲ್ಲಿದೆ, ಮೆಟ್ಟಿಲು ಎಲ್ಲಿ ಇಳಿಯುತ್ತದೆ, ಮೆಟ್ರೊ ಯಾವ ಕಡೆ ಎಂದು ತೋರಿಸುವ ಪಟವೊಂದನ್ನು ಮಾಡಿಕೊಡಬಹುದೇ ಎಂದರು. ಭಾವಮೈದನಿಗೆ ಫೋನು ಮಾಡಿದೆ. ಹಿಂದಿನ ಭಾನುವಾರ ಅವನು ಅಳತೆಪಟ್ಟಿ ಹಿಡಿದು ಅಲ್ಲಿಗೆ ಹೋಗಿದ್ದಾನೆ. ಅರ್ಧ ಭಾಗ ಮುಗಿದಿದೆಯಂತೆ.